ಗಾಳಿಗೆ ಪಾಲುದಾರರು

1980ರ ಸುಮಾರಿಗೆ ಡೆನ್ಮಾರ್ಕಿನ ಹಳ್ಳಿಗಳಲ್ಲಿ ಎದ್ದು ನಿಂತ ಗಾಳಿಯಂತ್ರಗಳು ನೆರೆಹೊರೆಗೆ ಹೇಳಿ ಮಾಡಿಸಿದಂಥವೇನಲ್ಲ. ಗೇರ್‌ಪೆಟ್ಟಿಗೆ ಗುರುಗುಟ್ಟುತ್ತಿತ್ತು. ರೆಕ್ಕೆಗಳು ಸುಂಯ್‌ಗುಡುತ್ತಿದ್ದವು. ಬಿರುಗಾಳಿಗೆ ಬ್ರೇಕು ಹಿಡಿಯದೆ ಯಂತ್ರ ಹುಚ್ಚೆದ್ದು ತಿರುಗಿ ರೆಕ್ಕೆ ಮುರಿದುಕೊಂಡ ಪ್ರಸಂಗಗಳೂ ಇದ್ದವು. ಆದರೂ ಊರವರು ಅವುಗಳಿಗಾಗಿಯೇ ಸಂಘ ಕಟ್ಟಿಕೊಂಡರು, ಕೈಯಿಂದ ದುಡ್ಡು ಹಾಕಿದರು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಯಂತ್ರ ಎಷ್ಟೋ ಸುಧಾರಿಸಿತ್ತು. ಶಬ್ದಕ್ಕೆ ಕಾನೂನಿನ ಮಿತಿ ಬಂದಿತ್ತು. ಮನೆಗೂ ಯಂತ್ರಕ್ಕೂ ನಡುವೆ ಇಷ್ಟು ದೂರ ಇರಲೇಬೇಕೆಂಬ ನಿಯಮವಾಗಿತ್ತು. ಸರಿಯಾಗಿ ಆ ಹೊತ್ತಿಗೆ, 2009ರಲ್ಲಿ, ದೈತ್ಯ ಗಾಳಿಯಂತ್ರಗಳ ನೆರೆಮನೆಯವರದ್ದೇ ಒಂದು ರಾಷ್ಟ್ರಮಟ್ಟದ ವಿರೋಧಿ ಸಂಘ ಹುಟ್ಟಿಕೊಂಡಿತು.

ಗಾಳಿವಿದ್ಯುತ್ತಿನ ವಿಷಯ ಬಂದಾಗಲೆಲ್ಲ ಲೋಕ ಬೆರಳು ತೋರಿಸುವುದು ಡೆನ್ಮಾರ್ಕಿನ ಕಡೆಗೆ. ಆ ದೇಶದ ವಿದ್ಯುತ್ ಬಳಕೆಯ ಅರ್ಧಕ್ಕಿಂತ ಹೆಚ್ಚು ಪಾಲು ಈಗ ಗಾಳಿಯಿಂದಲೇ ಬರುತ್ತದೆ. ಅಂಥ ದೇಶದಲ್ಲಿ ಒಪ್ಪಿಗೆ ಜಗಳವಾಗಿ ತಿರುಗಿದ್ದು ಯಾವಾಗ, ಯಾಕೆ ಎಂಬುದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ಊರಿಗೆ ಬೇಕು, ನಮ್ಮ ಬೀದಿಗೆ ಬೇಡ ಎನ್ನುವ ಸ್ವಾರ್ಥ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ಅದು ಸಾಲದು. 1980ರಲ್ಲಿ ಸ್ವಾರ್ಥ ಇರಲಿಲ್ಲವೇ?

ಕಥೆ ಶುರುವಾಗುವುದು ಒಂದು ಶಾಲೆಯಿಂದ. ಜಟ್ಲಂಡ್ ಪ್ರಾಂತ್ಯದ ಅಸ್ಕೋವ್ ಎಂಬ ಊರಿನಲ್ಲಿ ರೈತಮಕ್ಕಳಿಗಾಗಿ ಒಂದು ಜನತಾ ಪ್ರೌಢಶಾಲೆ ಇತ್ತು. ಪರೀಕ್ಷೆ, ಅಂಕ, ಪದವಿ ಯಾವುದರ ಗೊಡವೆಯೂ ಇಲ್ಲದೆ, ದುಡಿಯುವ ತರುಣ ತರುಣಿಯರು ಕೆಲವು ತಿಂಗಳು ಒಟ್ಟಿಗೆ ಇದ್ದು ಕಲಿಯಬೇಕು ಎಂಬ ಗ್ರುಂಡ್‌ಟ್ವಿಗ್‌ನ ಆಲೋಚನೆಯಿಂದ ಹುಟ್ಟಿದ ಶಾಲೆಗಳಿವು. ನಮಗೂ ಇದು ಪೂರ್ತಿ ಅಪರಿಚಿತವಲ್ಲ. ಮೈಸೂರು ಸೀಮೆಯ ವಯಸ್ಕರ ಶಿಕ್ಷಣ ಸಮಿತಿ ನಂಜನಗೂಡಿನಲ್ಲಿ ಕಟ್ಟಿದ ವಿದ್ಯಾಪೀಠಕ್ಕೆ ಮಾದರಿ ಇದೇ ಡೇನಿಷ್ ಶಾಲೆ. ಅಸ್ಕೋವ್‌ನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಪೌಲ್ ಲಾ ಕೂರ್ 1891ರಲ್ಲಿ ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರವೊಂದನ್ನು ನಿಲ್ಲಿಸಿದ. ಗಾಳಿ ನಿಂತಾಗ ಏನು ಮಾಡುವುದು ಎಂಬ, ಇವತ್ತಿಗೂ ತೀರದ ಪ್ರಶ್ನೆಗೆ ಆತನದೊಂದು ಉತ್ತರವಿತ್ತು. ಆ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಮಾಡಿ, ಕೂಡಿಟ್ಟು, ಅದರಿಂದ ಶಾಲೆಯ ದೀಪ ಉರಿಸಿದ. ಜಲಜನಕಕ್ಕೆ ಆಮ್ಲಜನಕ ಬೆರೆತು ಸ್ಫೋಟವಾಗಿ ಶಾಲೆಯ ಕಿಟಕಿಗಾಜು ಪುಡಿಯಾದದ್ದೂ ಉಂಟು.

ಆದರೆ ಲಾ ಕೂರ್‌ನ ನಿಜವಾದ ಚಿಂತೆ ಬೇರೆ. ಕರೆಂಟು ಎಂಬುದು ಪಟ್ಟಣದ ಸೊತ್ತಾಗುತ್ತಿದೆ, ಅದರ ಬೆನ್ನು ಹತ್ತಿ ಹಳ್ಳಿಯ ಹುಡುಗರೆಲ್ಲ ಪಟ್ಟಣಕ್ಕೆ ಹೋಗಿಬಿಡುತ್ತಾರೆ ಎಂಬ ಭಯ ಅವನದು. ಹಳ್ಳಿಯಲ್ಲೇ ಕರೆಂಟು ಹುಟ್ಟಬೇಕು, ಅದನ್ನು ನಡೆಸುವವರೂ ಹಳ್ಳಿಯವರೇ ಆಗಿರಬೇಕು. ಅದಕ್ಕೆಂದೇ ಅವನು ರೈತಮಕ್ಕಳಿಗೆ ವಿದ್ಯುತ್ ಕೆಲಸ ಕಲಿಸಿದ; 1903ರಲ್ಲಿ ಗಾಳಿವಿದ್ಯುತ್ ಸಂಘವನ್ನು ಕಟ್ಟಿದ. ಡೆನ್ಮಾರ್ಕಿನ ರೈತರಿಗೆ ಆ ಹೊತ್ತಿಗಾಗಲೇ ಸಹಕಾರದ ರುಚಿ ಹತ್ತಿತ್ತು. 1882ರಲ್ಲಿ ಮೊದಲ ಸಹಕಾರಿ ಡೇರಿ ಶುರುವಾಗಿ, ದೇಶದ ತುಂಬ ಹಾಲಿನ ಸಂಘಗಳು ಹಬ್ಬಿದ್ದವು. ಬೆಳಗಿನ ಹಾಲನ್ನು ಡೇರಿಗೆ ಹಾಕುವವನಿಗೆ, ಅದು ತನ್ನದೂ ಹೌದು, ಪಕ್ಕದವನದೂ ಹೌದು ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಲಾ ಕೂರ್‌ನ ಬಳಿ ಕಲಿತ ಯೋಹಾನೆಸ್ ಯೂಲ್ ಮುದುಕನಾದ ಮೇಲೆ, 1957ರಲ್ಲಿ, ಗೆಡ್ಸರ್ ಎಂಬಲ್ಲಿ 200 ಕಿಲೋವ್ಯಾಟ್‌ನ ಯಂತ್ರ ನಿಲ್ಲಿಸಿದ. ಮೂರು ರೆಕ್ಕೆ, ತಾನಾಗಿ ಹಿಡಿಯುವ ಬ್ರೇಕು. ಮುಂದೆ ಲೋಕವೆಲ್ಲ ಕಂಡ ಡೇನಿಷ್ ಯಂತ್ರದ ಮೂಲರೂಪ ಅದೇ. 1967ರಲ್ಲಿ ಅದನ್ನು ನಿಲ್ಲಿಸಿದರು. ಪರದೇಶದ ಎಣ್ಣೆ ಅಗ್ಗವಾಗಿದ್ದಾಗ ಗಾಳಿ ಯಾರಿಗೆ ಬೇಕು?

1973ರಲ್ಲಿ ಎಣ್ಣೆಯ ಬೆಲೆ ಏರಿದಾಗ ಡೆನ್ಮಾರ್ಕಿನ ಕೈಕಾಲು ಕಟ್ಟಿಹಾಕಿದಂತಾಯಿತು. ದೇಶ ಬಳಸುವ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಹೊರಗಿನಿಂದ ಬರುವ ಎಣ್ಣೆಯೇ ಆಗಿತ್ತು. ವಿದ್ಯುತ್ ಕಂಪನಿಗಳು ಪರಮಾಣು ಸ್ಥಾವರ ಬೇಕೆಂದವು. ಮರುವರ್ಷವೇ ಅದರ ವಿರುದ್ಧ ಜನರ ಚಳವಳಿ ಎದ್ದಿತು. ಬರೀ ಬೇಡ ಎಂದರೆ ಸಾಲದು, ಅದರ ಬದಲು ಏನು ಎಂಬುದನ್ನು ತೋರಿಸಬೇಕಿತ್ತು. ತೋರಿಸಿದ್ದು ಮತ್ತೆ ಒಂದು ಶಾಲೆಯೇ. ಪಶ್ಚಿಮ ಜಟ್ಲಂಡಿನ ಉಲ್ಫ್‌ಬೋರ್ಗ್ ಬಳಿಯ ಟ್ವಿಂಡ್ ಶಾಲೆಗಳ ಎಡಪಂಥೀಯ ಮೇಷ್ಟರುಗಳು ತಮ್ಮ ಸಂಬಳವನ್ನೆಲ್ಲ ಒಂದೇ ಗಂಟಿಗೆ ಹಾಕಿ ಬದುಕುತ್ತಿದ್ದರು. 1975ರಲ್ಲಿ ಅವರು ವಿದ್ಯಾರ್ಥಿಗಳನ್ನೂ ಸ್ವಯಂಸೇವಕರನ್ನೂ ಕೂಡಿಸಿಕೊಂಡು ಅಡಿಪಾಯ ಅಗೆಯಲು ಶುರುಮಾಡಿದರು. 53 ಮೀಟರ್ ಎತ್ತರದ ಕಾಂಕ್ರೀಟ್ ಗೋಪುರ, 54 ಮೀಟರ್ ವ್ಯಾಸದ ರೆಕ್ಕೆಚಕ್ರ, 2 ಮೆಗಾವ್ಯಾಟ್ ಸಾಮರ್ಥ್ಯ. ಆ ಹೊತ್ತಿಗೆ ಅದು ಲೋಕದಲ್ಲೇ ದೊಡ್ಡದು. ಎಂಜಿನಿಯರಿಂಗ್ ಕಂಪನಿಯೊಂದರ ಬೋರ್ಡು ಅಲ್ಲಿರಲಿಲ್ಲ. 1978ರ ಮಾರ್ಚಿಯಲ್ಲಿ ತಿರುಗಲು ಶುರುವಾದ ಯಂತ್ರ ಇವತ್ತಿಗೂ ತಿರುಗುತ್ತಿದೆ. ಟ್ವಿಂಡ್ ಸಂಸ್ಥೆಯ ಮುಖಂಡರು ಮುಂದೆ ಹಣದ ವಿಷಯದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು, ಆ ಕಥೆ ಬೇರೆ.

ಟ್ವಿಂಡ್‌ಗಿಂತ ನನಗೆ ಹೆಚ್ಚು ಇಷ್ಟವಾಗುವವನು ಕ್ರಿಶ್ಚಿಯನ್ ರೀಸಾಗರ್ ಎಂಬ ಬಡಗಿ. ಅವನು ಮರದ ರೆಕ್ಕೆ ಕೆತ್ತಿ, ಸಿಕ್ಕ ಸಾಮಾನು ಜೋಡಿಸಿ ಗೆಡ್ಸರ್ ಮಾದರಿಯಲ್ಲೇ ಸಣ್ಣದೊಂದು 22 ಕಿಲೋವ್ಯಾಟ್ ಯಂತ್ರ ಮಾಡಿ, 1976ರಲ್ಲಿ ಅದನ್ನು ವಿದ್ಯುತ್ ಜಾಲಕ್ಕೆ ಸೇರಿಸಿದ. ಇಂಥ ಯಂತ್ರಗಳನ್ನು ಊರವರು ಕೊಳ್ಳತೊಡಗಿದರು. ಒಬ್ಬನ ಕೈಲಾಗದ ಬೆಲೆ. ಹಾಗಾಗಿ ಹತ್ತಿಪ್ಪತ್ತು ಮನೆಯವರು ಸೇರಿ ಕೊಂಡರು. ಈ ಕೂಟಕ್ಕೆ ಅವರ ಭಾಷೆಯಲ್ಲಿ ‘ಲಾವ್’ ಎನ್ನುತ್ತಾರೆ, ಹಳೆಯ ಕಸುಬುದಾರರ ಕೂಟಕ್ಕೆ ಇದ್ದ ಹೆಸರು. 1979ರಿಂದ ಸರ್ಕಾರ ಯಂತ್ರದ ಬೆಲೆಯಲ್ಲಿ ನೂರಕ್ಕೆ 30ರಷ್ಟು ಸಹಾಯಧನ ಕೊಟ್ಟಿತು. ಕ್ರಮೇಣ ಇಳಿಸುತ್ತ ಹತ್ತು ವರ್ಷದಲ್ಲಿ ನಿಲ್ಲಿಸಿತು.

ಲಾವ್‌ನ ನಿಯಮಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ಜಗಳದ ಬೀಜವೆಲ್ಲ ಈ ನಿಯಮಗಳು ಕರಗಿದ್ದರಲ್ಲಿದೆ. ಒಂದು ಪಾಲು ಎಂದರೆ ಯಂತ್ರ ವರ್ಷಕ್ಕೆ ಹುಟ್ಟಿಸುವ ಕರೆಂಟಿನಲ್ಲಿ 1000 ಯೂನಿಟ್. ನಿಮ್ಮ ಮನೆ ಎಷ್ಟು ಯೂನಿಟ್ ಸುಡುತ್ತದೋ ಹೆಚ್ಚುಕಡಿಮೆ ಅದಕ್ಕೆ ತಕ್ಕಷ್ಟೇ ಪಾಲು ಕೊಳ್ಳಬಹುದು. ಲಾಭಕ್ಕೆಂದು ನೂರಾರು ಪಾಲು ಕೊಂಡು ಕೂರುವ ಹಾಗಿಲ್ಲ. ಇನ್ನೊಂದು ನಿಯಮ ಇದಕ್ಕಿಂತ ದೊಡ್ಡದು. ಪಾಲು ಕೊಳ್ಳುವವನು ಯಂತ್ರದಿಂದ ಕೆಲವೇ ಕಿಲೋಮೀಟರ್ ಒಳಗೆ ವಾಸ ಇರಬೇಕು. ಅಂದರೆ ಯಾರ ಕಿವಿಗೆ ಸದ್ದು ಬೀಳುತ್ತದೋ, ಯಾರ ಕಿಟಕಿಗೆ ರೆಕ್ಕೆ ಕಾಣುತ್ತದೋ, ಅವರೇ ಒಡೆಯರು. ಯಂತ್ರ ಎಲ್ಲಿ ನಿಲ್ಲಬೇಕು ಎಂಬ ಚರ್ಚೆಯಲ್ಲಿ ಎದ್ದು ನಿಂತು ಬೇಡ ಎನ್ನುವವನೂ ಹಣ ಹಾಕುವವನೂ ಒಂದೇ ಕೋಣೆಯಲ್ಲಿ ಕೂತಿರುತ್ತಿದ್ದರು. ಎಷ್ಟೋ ಸಲ ಇಬ್ಬರೂ ಒಬ್ಬನೇ.

ಜಗಳಗಳು ಆಗಲೂ ಇದ್ದವು. ಆದರೆ ಊರವರು ಒಂದು ಕಡೆ, ವಿದ್ಯುತ್ ಕಂಪನಿ ಇನ್ನೊಂದು ಕಡೆ. ತಂತಿ ಎಳೆಯುವ ಖರ್ಚು ಯಾರದು, ಯೂನಿಟ್‌ಗೆ ಎಷ್ಟು ಕೊಡುತ್ತೀರಿ ಎಂಬ ಹಗ್ಗಜಗ್ಗಾಟ. ಗಾಳಿಯಂತ್ರದ ಮಾಲೀಕರು 1978ರಲ್ಲೇ ತಮ್ಮದೊಂದು ಸಂಘ ಮಾಡಿಕೊಂಡಿದ್ದರು. ಅವರ ಪತ್ರಿಕೆಯಲ್ಲಿ ತಿಂಗಳು ತಿಂಗಳೂ ಯಾವ ಯಂತ್ರ ಎಷ್ಟು ಯೂನಿಟ್ ಕೊಟ್ಟಿತು ಎಂಬ ಪಟ್ಟಿ ಅಚ್ಚಾಗುತ್ತಿತ್ತು. ಕಳಪೆ ಯಂತ್ರ ಮಾಡಿದವನ ಮಾನ ಊರೂರಲ್ಲಿ ಹರಾಜು! ಯಂತ್ರ ಸುಧಾರಿಸಲು ಯಾವ ದೊಡ್ಡ ಪ್ರಯೋಗಶಾಲೆಯಷ್ಟೇ ಈ ಪಟ್ಟಿಯೂ ಕಾರಣ ಎಂದು ನನ್ನ ಅಂದಾಜು. 1985ರಲ್ಲಿ ಸಂಸತ್ತು ಪರಮಾಣು ಸ್ಥಾವರದ ಯೋಚನೆಯನ್ನೇ ಕೈಬಿಟ್ಟಿತು. 1990ರ ದಶಕದ ಹೊತ್ತಿಗೆ ಒಂದು ಲಕ್ಷಕ್ಕೂ ಮಿಕ್ಕಿ ಡೇನಿಷ್ ಕುಟುಂಬಗಳ ಕೈಯಲ್ಲಿ ಗಾಳಿಯಂತ್ರದ ಪಾಲಿತ್ತು. ಇಡೀ ದೇಶದ ಜನಸಂಖ್ಯೆ ಆಗ ಅರ್ಧ ಕೋಟಿಯಷ್ಟು.

ಬಿರುಕು ಬಿಟ್ಟಿದ್ದು ಎಲ್ಲಿ? ಹೊರಗಿನ ಕಂಪನಿ ಬಂದು ಹಳ್ಳಿಯನ್ನು ಕೆಡಿಸಿತು ಎಂದು ಬರೆಯುವುದು ಸುಲಭ, ಕೇಳುವುದಕ್ಕೂ ಹಿತ. ದಾಖಲೆ ಹಾಗೆ ಹೇಳುವುದಿಲ್ಲ. ಮೊದಲ ಬಿರುಕು ಹಳ್ಳಿಯೊಳಗೇ ಬಿಟ್ಟಿತು. 1990ರ ದಶಕದ ನಡುವಿನಿಂದ ಹೊಸ ಯಂತ್ರಗಳನ್ನು ಕೊಳ್ಳುತ್ತಿದ್ದವರಲ್ಲಿ ಹೆಚ್ಚಿನವರು ಜಮೀನುಳ್ಳ ಒಬ್ಬೊಬ್ಬ ರೈತರು. ಬ್ಯಾಂಕು ಸಾಲ ಕೊಡುತ್ತಿತ್ತು, ಕರೆಂಟಿಗೆ ಖಚಿತ ಬೆಲೆ ಇತ್ತು, ಯಂತ್ರ ನಂಬಿಕೆಗೆ ಅರ್ಹವಾಗಿತ್ತು. ಹಾಗಿರುವಾಗ ಹತ್ತು ಮನೆಗೆ ಹಂಚುವುದೇಕೆ? ವಾಸದ ನಿಯಮವೂ ಹಂತಹಂತವಾಗಿ ಸಡಿಲವಾಯಿತು. ಮೊದಲು ನೆರೆಯವರಿಗೆ, ಆಮೇಲೆ ಆ ಸ್ಥಳೀಯ ಆಡಳಿತದ ಎಲ್ಲೆಯೊಳಗಿನ ಯಾರಿಗಾದರೂ, ಕೊನೆಗೆ 2000ದ ಹೊತ್ತಿಗೆ ಎಲ್ಲಿಯವರಿಗಾದರೂ. ಒಂದೇ ಬೇಲಿಯ ಆಚೆ ಈಚೆ ಇದ್ದವರಲ್ಲಿ ಒಬ್ಬನಿಗೆ ಆದಾಯ, ಇನ್ನೊಬ್ಬನಿಗೆ ಸದ್ದು. ಹಿಂದಿನ ದಿನದವರೆಗೂ ಡೇರಿಯ ಸಭೆಯಲ್ಲಿ ಜೊತೆಗೆ ಕೂತವರು ಇವರು. ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಈ ಜಗಳದ ಬಗೆ ವಿವರಿಸಬೇಕಿಲ್ಲ. ಕಂಪನಿಯ ಮೇಲಿನ ಸಿಟ್ಟು ಆರಬಹುದು, ದಾಯಾದಿಯ ಮೇಲಿನದು ಆರದು.

ಎರಡನೆಯ ಏಟು ಬಿದ್ದದ್ದು ಒಳ್ಳೆಯ ಉದ್ದೇಶದ ಯೋಜನೆಯಿಂದಲೇ. ದೇಶದ ತುಂಬ ಚೆಲ್ಲಾಪಿಲ್ಲಿಯಾಗಿ ನಿಂತ ಸಣ್ಣ ಹಳೆಯ ಯಂತ್ರಗಳನ್ನು ಕಿತ್ತು, ಅವುಗಳ ಜಾಗಕ್ಕೆ ಕಡಿಮೆ ಸಂಖ್ಯೆಯ ದೊಡ್ಡ ಯಂತ್ರ ಹಾಕಿದರೆ ನೋಟವೂ ಚೆನ್ನ, ಕರೆಂಟೂ ಹೆಚ್ಚು ಎಂದು ಸರ್ಕಾರ ಲೆಕ್ಕ ಹಾಕಿತು. 2001ರಿಂದ ಮೂರು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ಯಂತ್ರಗಳು ಗುಜರಿ ಸೇರಿದವು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಕಿತ್ತು ಹಾಕಿದ ಪ್ರತಿ ಹಳೆಯ ಯಂತ್ರದ ಜೊತೆಗೆ ಒಂದು ಲಾವ್ ಕೂಡ ವಿಸರ್ಜನೆಯಾಗುತ್ತಿತ್ತು. ಇದು ಯಾವ ಕಾಗದದಲ್ಲೂ ಖರ್ಚೆಂದು ಬರೆದುಕೊಳ್ಳಲಿಲ್ಲ. ಹೊಸ ಯಂತ್ರದ ಬೆಲೆ ಕೋಟಿಗಳಲ್ಲಿ. ಹತ್ತು ಮನೆಯವರು ಸೇರಿ ಕೊಳ್ಳುವ ಮಾತು ಮುಗಿದಿತ್ತು. ಯಂತ್ರದ ಎತ್ತರವೂ ಚರ್ಚಿನ ಗೋಪುರವನ್ನು ದಾಟಿ, ನೂರು ಮೀಟರನ್ನು ದಾಟಿ, 150 ಮೀಟರ್ ಮುಟ್ಟಿತ್ತು. ಈ ಎತ್ತರ ಸುಳ್ಳಲ್ಲ ಎಂಬುದನ್ನು ಒಪ್ಪಬೇಕು. ಬಡಗಿಯ ಯಂತ್ರ ನಿಂತ ಹಿತ್ತಿಲು ಬೇರೆ, ಸಂಜೆಯಾದರೆ ಮನೆಯ ಗೋಡೆಯ ಮೇಲೆ ರೆಕ್ಕೆಯ ನೆರಳು ಬೀಸಿ ಬೀಸಿ ಹೋಗುವ ಹಿತ್ತಿಲು ಬೇರೆ. ಒಡೆತನ ಒಂದೇ ಕಾರಣ ಎಂದು ವಾದಿಸುವವರು ಈ ನೆರಳಿನಲ್ಲಿ ಒಂದು ವಾರ ಇದ್ದು ಬರಲಿ.

ಆದರೂ ಒಡೆತನದ ತೂಕ ಎಷ್ಟೆಂದು ಅಳೆಯಲು ಚರಿತ್ರೆಯೇ ಎರಡು ಮೂರು ಪ್ರಯೋಗಗಳನ್ನು ಮಾಡಿಟ್ಟಿದೆ. ಕೋಪನ್‌ಹೇಗನ್ ನಗರದ ಎದುರಿಗೇ, ದಡದಿಂದ ಮೂರೂವರೆ ಕಿಲೋಮೀಟರ್ ಒಳಗೆ, ಮಿಡ್ಡೆಲ್‌ಗ್ರುಂಡೆನ್ ಎಂಬ ಸಮುದ್ರದ ದಿಬ್ಬದ ಮೇಲೆ 27 ಯಂತ್ರಗಳನ್ನು ಮೂರು ಸಾಲಿನಲ್ಲಿ ನಿಲ್ಲಿಸುವ ಯೋಜನೆ ಬಂತು. ಸಾರ್ವಜನಿಕ ವಿಚಾರಣೆಯಲ್ಲಿ ಆಕ್ಷೇಪಗಳು ಬಂದವು. ನಕ್ಷೆಯನ್ನೇ ಬದಲಿಸಿ, 20 ಯಂತ್ರಗಳು ಬಿಲ್ಲಿನಂತೆ ಬಾಗಿದ ಒಂದೇ ಸಾಲಿನಲ್ಲಿ ನಿಂತವು. ಅದರಲ್ಲಿ 10 ನಗರದ ವಿದ್ಯುತ್ ಸಂಸ್ಥೆಯವು, ಉಳಿದ 10 ಎಂಟು ಸಾವಿರಕ್ಕೂ ಹೆಚ್ಚು ಜನ ಪಾಲುದಾರರಿದ್ದ ಒಂದು ಸಹಕಾರಿ ಲಾವ್‌ನವು. ರಾಜಧಾನಿಯ ಕಣ್ಣೆದುರು, ಪ್ರವಾಸಿಗರ ಕ್ಯಾಮೆರಾದ ಎದುರು 2000ದ ಕೊನೆಯಿಂದ ತಿರುಗುತ್ತಿರುವ ಆ ಸಾಲು ಈಗ ನಗರದ ಚಿತ್ರದ ಭಾಗವೇ ಆಗಿಹೋಗಿದೆ.

ಸಾಮ್ಸೋ ದ್ವೀಪದ್ದು ಎಲ್ಲರಿಗೂ ಗೊತ್ತಿರುವ ಉದಾಹರಣೆ. ನಾಲ್ಕು ಸಾವಿರದಷ್ಟು ಜನ, ಆಲೂಗಡ್ಡೆ ಬೆಳೆಯುವ ರೈತರು. 1997ರಲ್ಲಿ ಸರ್ಕಾರದ ಸ್ಪರ್ಧೆಯಲ್ಲಿ ಗೆದ್ದು, ಪೂರ್ತಿ ಗಾಳಿ, ಬಿಸಿಲು, ಹುಲ್ಲಿನ ಶಕ್ತಿಯ ಮೇಲೆ ನಿಲ್ಲುವ ದ್ವೀಪವಾಗಲು ಹೊರಟರು. ಅಲ್ಲಿನವನೇ ಆದ ಸೋರೆನ್ ಹರ್ಮನ್ಸನ್ ಎಂಬ ಮೇಷ್ಟರು ವರ್ಷಗಟ್ಟಲೆ ಊರೂರು ತಿರುಗಿ, ಕಾಫಿ ಕುಡಿಯುತ್ತ, ಜನರ ಗೊಣಗಾಟ ಕೇಳುತ್ತ ಸಭೆ ನಡೆಸಿದ. ನೆಲದ ಮೇಲೆ 11, ಸಮುದ್ರದಲ್ಲಿ 10 ಯಂತ್ರಗಳು ನಿಂತವು. ನೆಲದ ಮೇಲಿನವುಗಳಲ್ಲಿ 9 ರೈತರವು, 2 ಊರವರ ಸಂಘದವು. ಸಮುದ್ರದವುಗಳಲ್ಲಿ ಅರ್ಧ ಅಲ್ಲಿನ ಸ್ಥಳೀಯ ಆಡಳಿತದವು. ಸಾಮ್ಸೋವನ್ನು ಹೊಗಳುವವರು ಮರೆಯುವ ಒಂದು ಮಾತಿದೆ: ಅಲ್ಲೂ ದೊಡ್ಡ ಪಾಲು ಹೋದದ್ದು ಕೈಯಲ್ಲಿ ಜಮೀನಿದ್ದ ರೈತರಿಗೇ. ಸಣ್ಣ ಪಾಲಿಗೂ ಬಾಗಿಲು ತೆರೆದಿದ್ದರಿಂದ, ಎಲ್ಲಿ ನಿಲ್ಲಿಸಬೇಕೆಂಬ ಮಾತು ಎಲ್ಲರೆದುರಿಗೆ ಆದದ್ದರಿಂದ, ಆ ವ್ಯತ್ಯಾಸ ಹೊಟ್ಟೆಕಿಚ್ಚಾಗಿ ಉರಿಯಲಿಲ್ಲ.

ಇನ್ನೊಂದು ಕಡೆ ಓಸ್ಟೆರಿಲ್ಡ್. ವಾಯವ್ಯ ಜಟ್ಲಂಡಿನಲ್ಲಿ 250 ಮೀಟರ್ ಎತ್ತರದ ಯಂತ್ರಗಳನ್ನು ಪರೀಕ್ಷಿಸುವ ಕೇಂದ್ರಕ್ಕಾಗಿ 2010ರಲ್ಲಿ ಸಂಸತ್ತೇ ಒಂದು ಪ್ರತ್ಯೇಕ ಕಾನೂನು ಮಾಡಿತು. ಕಾಡು ಕಡಿಯಬೇಕು, ಕೆಲವರು ಮನೆ ಬಿಡಬೇಕು. ಪ್ರಕೃತಿಯನ್ನು ಕಾಯಬೇಕೆನ್ನುವವರೇ ಮರ ಹತ್ತಿ ಕೂತು ಹಸಿರು ಶಕ್ತಿಯ ಯೋಜನೆಯನ್ನು ತಡೆಯಲು ನೋಡಿದರು. ಪೊಲೀಸರು ಅವರನ್ನು ಇಳಿಸಿದರು, 2012ರಲ್ಲಿ ಕೇಂದ್ರ ಶುರುವಾಯಿತು. ಒಂದು ಕಾಲಕ್ಕೆ ಪರಮಾಣು ಸ್ಥಾವರಕ್ಕೆ ಎದುರಾಗಿ ಗಾಳಿಯಂತ್ರವನ್ನು ಎತ್ತಿಹಿಡಿದ ಅದೇ ಮನೋಧರ್ಮ ಈಗ ಗಾಳಿಯಂತ್ರದ ಎದುರು ನಿಂತಿತ್ತು. ಅವರು ಬದಲಾದರೋ, ಯಂತ್ರ ಬದಲಾಯಿತೋ? ನನಗನ್ನಿಸುವುದು, ಕೇಳದೆ ತೀರ್ಮಾನ ಮಾಡುವವರ ಮೇಲಿನ ಸಿಟ್ಟು ಎರಡೂ ಕಾಲದಲ್ಲಿ ಒಂದೇ ಆಗಿತ್ತು.

ಸರ್ಕಾರಕ್ಕೆ ಇದೆಲ್ಲ ಕಾಣದೇ ಇರಲಿಲ್ಲ. 2009ರ ಕಾನೂನು ಹಳೆಯ ಲಾವ್‌ನ ನೆನಪಿನಲ್ಲೇ ಬರೆದಂತಿತ್ತು. ಹೊಸ ಯಂತ್ರ ಹಾಕುವ ಯಾರೇ ಆಗಲಿ, ಪಾಲಿನಲ್ಲಿ ನೂರಕ್ಕೆ 20ರಷ್ಟನ್ನು ನಾಲ್ಕೂವರೆ ಕಿಲೋಮೀಟರ್ ಒಳಗಿರುವ 18 ದಾಟಿದವರಿಗೆ ಮೊದಲು ತೋರಿಸಬೇಕು. ಯಂತ್ರದಿಂದ ಮನೆಯ ಬೆಲೆ ಇಳಿದರೆ ಪರಿಹಾರ ಕಟ್ಟಿಕೊಡಬೇಕು. ಫಲ ಮಾತ್ರ ಎಣಿಸಿದಂತೆ ಬರಲಿಲ್ಲ. ಪಾಲು ಕೊಳ್ಳಲು ಕೈಯಲ್ಲಿ ಹಣ ಬೇಕು. ಕೊಂಡವರು ಬಹುಮಟ್ಟಿಗೆ ಉಳ್ಳವರೇ. ಪರಿಹಾರದ ಕಥೆ ಇನ್ನೂ ವಿಚಿತ್ರ. ಅಧಿಕಾರಿಗಳು ಬಂದು ನಿಮ್ಮ ಮನೆಯ ಬೆಲೆ ಇಷ್ಟು ಇಳಿಯುತ್ತದೆ ಎಂದು ಬರೆದುಕೊಟ್ಟ ಮೇಲೆ, ಅಲ್ಲಿಯವರೆಗೆ ಬರೀ ಅನುಮಾನವಾಗಿದ್ದದ್ದು ಸರ್ಕಾರಿ ಮುದ್ರೆ ಬಿದ್ದ ಸತ್ಯವಾಯಿತು. ಎಷ್ಟೋ ನೆರೆಯವರಿಗೆ ಇವೆಲ್ಲ ಬಾಯಿ ಮುಚ್ಚಿಸುವ ಲಂಚದಂತೆ ಕಂಡವು. ಹಿಂದೆ ಅವರು ಸಭೆಯಲ್ಲಿ ಕೈ ಎತ್ತಿ ತೀರ್ಮಾನ ಮಾಡುತ್ತಿದ್ದರು. ಈಗ ತೀರ್ಮಾನ ಆದ ಮೇಲೆ ಲಕೋಟೆ ಬರುತ್ತಿತ್ತು.

ಅದೇ ಕಾನೂನಿನ ಕೆಳಗೆ, ಅದೇ ವರ್ಷಗಳಲ್ಲಿ, ಪಶ್ಚಿಮ ತೀರದ ವೀದೆ ಸಾಂಡೆ ಎಂಬ ಮೀನುಗಾರರ ಊರು ಬೇರೆಯೇ ದಾರಿ ಹಿಡಿಯಿತು. ಕಡಲತೀರದ ಪ್ರವಾಸಿ ಊರುಗಳು ಸಾಮಾನ್ಯವಾಗಿ ಗಾಳಿಯಂತ್ರದ ಹೆಸರೆತ್ತಿದರೆ ಮುಖ ಸಿಂಡರಿಸುತ್ತವೆ. ಇಲ್ಲಿ ಪ್ರವಾಸೋದ್ಯಮದ ಸಂಘವೇ ಮುಂದೆ ನಿಂತು ಒಂದು ಪ್ರತಿಷ್ಠಾನ ಮಾಡಿತು. ಮರಳದಂಡೆಯ ಮೇಲೇ ತಲಾ 3 ಮೆಗಾವ್ಯಾಟ್‌ನ ಮೂರು ಯಂತ್ರ; ಒಡೆತನದಲ್ಲಿ ನೂರಕ್ಕೆ 80 ಪ್ರತಿಷ್ಠಾನದ್ದು, ಉಳಿದ 20 ಕಾನೂನಿನಂತೆ ಊರವರದು. ಜಾಗದ ಬಾಡಿಗೆ ಬಂದರಿಗೆ, ಲಾಭ ಊರಿನ ಕೆಲಸಗಳಿಗೆ. ಪಾಲು ಕೊಳ್ಳಲಾಗದ ಬಡ ಮೀನುಗಾರನೂ ಬಂದರಿನ ಮೂಲಕ ಪಾಲುದಾರ. ಎತ್ತರ, ಸದ್ದು, ನೆರಳು ಎಲ್ಲ ಬೇರೆ ಕಡೆ ಇದ್ದಂತೆಯೇ ಇದ್ದವು, ಗಲಾಟೆ ಮಾತ್ರ ಅಷ್ಟಿರಲಿಲ್ಲ. ಲಾವ್‌ಗಿಂತ ಇದು ಒಂದು ಹೆಜ್ಜೆ ಮುಂದಿನದು ಎಂದೇ ನನಗೆ ಕಾಣುತ್ತದೆ.

ಆದರೆ ದೇಶ ಹೋದ ದಾರಿ ಇದಲ್ಲ. 2020ರಲ್ಲಿ ಆ 20ರ ಪಾಲಿನ ನಿಯಮವನ್ನೇ ತೆಗೆದುಹಾಕಿದರು. ಬದಲಿಗೆ ಯಂತ್ರದ ಎತ್ತರದ ಎಂಟು ಪಟ್ಟು ದೂರದೊಳಗಿನ ಮನೆಗಳಿಗೆ ವರ್ಷಕ್ಕಿಷ್ಟು ಎಂದು ಹಣ. ಆರು ಪಟ್ಟು ದೂರದೊಳಗಿದ್ದವರು ಬೇಕಿದ್ದರೆ ಮನೆಯನ್ನೇ ಕಂಪನಿಗೆ ಮಾರಿ ಹೊರಡಬಹುದು. ಸಭೆಗೆ ಬನ್ನಿ ಎಂದು ಶುರುವಾದ ಕಥೆ, ಬೇಕಿದ್ದರೆ ಹೊರಡಿ ಎನ್ನುವಲ್ಲಿಗೆ ಬಂತು.

ಅಸ್ಕೋವ್‌ನ ಶಾಲೆ ನಂಜನಗೂಡಿಗೆ ಬಂದಂತೆ ಡೇನಿಷ್ ಯಂತ್ರವೂ ನಮ್ಮ ದೇಶಕ್ಕೆ ಬಂತು. 1980ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ನೆರವಿನ ಸಂಸ್ಥೆ ಡಾನಿಡಾ ಗುಜರಾತಿನಲ್ಲೂ ತಮಿಳುನಾಡಿನಲ್ಲೂ ದೊಡ್ಡ ಗಾಳಿವಿದ್ಯುತ್ ಕೇಂದ್ರಗಳಿಗೆ ಹಣ ಕೊಟ್ಟಿತು. ಯಂತ್ರ ಬಂತು, ಲಾವ್ ಬರಲಿಲ್ಲ. 1990ರ ದಶಕದಲ್ಲಿ ಇಲ್ಲಿ ಗಾಳಿಯಂತ್ರಗಳನ್ನು ಎಬ್ಬಿಸಿ ನಿಲ್ಲಿಸಿದ್ದು ಆದಾಯ ತೆರಿಗೆಯ ಒಂದು ನಿಯಮ. ಯಂತ್ರ ಹಾಕಿದ ವರ್ಷವೇ ಅದರ ಪೂರ್ತಿ ಬೆಲೆಯನ್ನು ಸವಕಳಿಯೆಂದು ಲೆಕ್ಕದಲ್ಲಿ ಕಳೆದುಕೊಳ್ಳಬಹುದಿತ್ತು. ಹಾಗಾಗಿ ಗುಡ್ಡದ ಮೇಲಿನ ಯಂತ್ರದ ಒಡೆಯ ದೂರದ ಪಟ್ಟಣದ ಬಟ್ಟೆ ಗಿರಣಿಯೋ ಸಿಮೆಂಟ್ ಕಂಪನಿಯೋ ಆಗಿರುತ್ತಿದ್ದ. ಗಾಳಿ ಬೀಸುವ ಊರಿನಲ್ಲಿ ವಾಸ ಇರಬೇಕೆಂಬ ನಿಯಮ ಹೋಗಲಿ, ಆ ಊರಿನ ಹೆಸರೂ ಅವನಿಗೆ ಗೊತ್ತಿರಬೇಕಾಗಿರಲಿಲ್ಲ.

ನಮಗೆ ಸಹಕಾರ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ಲಾ ಕೂರ್ ತನ್ನ ಗಾಳಿವಿದ್ಯುತ್ ಸಂಘ ಕಟ್ಟಿದ ಎರಡು ವರ್ಷಕ್ಕೆ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘ ಶುರುಮಾಡಿದರು. ದೇಶದ ಸಹಕಾರ ಚಳವಳಿಯ ಚರಿತ್ರೆ ಶುರುವಾಗುವುದೇ ಆ ಊರಿನ ಹೆಸರಿನಿಂದ. ಅದೇ ಗದಗ ಜಿಲ್ಲೆಯ ಎರೆಹೊಲಗಳ ನಡುವೆ, ಕಪ್ಪತಗುಡ್ಡದ ಸಾಲಿನ ಮೇಲೆ ಈಗ ಗಾಳಿಯಂತ್ರಗಳು ನಿಂತಿವೆ. ಕಂಬದ ಬುಡ ಯಾರ ಹೊಲದಲ್ಲಿದೆಯೋ ಅವನ ಜೊತೆ ಕಂಪನಿಯ ಕರಾರು. ಪಕ್ಕದ ಹೊಲದವನ ಹೆಸರು ಆ ಕಾಗದದಲ್ಲಿ ಇರುವುದಿಲ್ಲ.